ಕಾಣಿಕೆಯೂ ಅಲ್ಲ, ಮಾರಾಟವೂ ಅಲ್ಲ

ಖಾಲಿ ಕಡ್ಡಿಪೆಟ್ಟಿಗೆಯ ಮೇಲಿನ ಲೇಬಲ್ ಕೂಡಿಸುತ್ತೇನೆ ಅಂದರೆ ಕ್ಲಾಸಿನಲ್ಲಿ ನಗುತ್ತಾರೆ. ನಗಲಿ. ಅಂಚೆಚೀಟಿ ಕೂಡಿಸಲು ದುಡ್ಡು ಬೇಕು, ನಾಣ್ಯಕ್ಕೆ ಇನ್ನೂ ಹೆಚ್ಚು ಬೇಕು. ಲೇಬಲ್ಲಿಗೆ ಬಗ್ಗುವ ಬೆನ್ನೊಂದಿದ್ದರೆ ಸಾಕು. ಬೀಡಿ ಅಂಗಡಿಯ ಮುಂದೆ, ಚಹದ ಗಾಡಿಯ ಕೆಳಗೆ ಬಿದ್ದಿರುತ್ತದೆ, ಎತ್ತಿಕೊಂಡರಾಯಿತು. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಐದನೇ ಇಯತ್ತೆಯಲ್ಲಿದ್ದಾಗ ನನಗೆ ಈ ಚಟ ಹತ್ತಿತು. 2021ರ ಡಿಸೆಂಬರ್ 1ರಂದು ಪೆಟ್ಟಿಗೆಯ ಬೆಲೆ ಒಂದು ರೂಪಾಯಿಯಿಂದ ಎರಡಕ್ಕೆ ಏರಿತಲ್ಲ, ಅಂದಿನಿಂದ ಒಂದು ರೂಪಾಯಿ ಎಂದು ಅಚ್ಚಾದ ಶಿವಕಾಶಿಯ ಹಳೆಯ ಲೇಬಲ್ಲುಗಳಿಗೆ ನಮ್ಮಂಥವರಲ್ಲಿ ಮಾನ ಬಂತು.

ಆದರೆ ಇದು ಲೇಬಲ್ಲಿನ ಹೊಗಳಿಕೆಯಲ್ಲ. ಇಂಥ ಸಣ್ಣ ವಸ್ತುವನ್ನು ಪರದೇಶಕ್ಕೆ ಕಳಿಸುವ ಬಗ್ಗೆ ನನ್ನದೊಂದು ತಕರಾರಿದೆ. ಅದರಲ್ಲಿ ಅರ್ಧ ಅಂಚೆಯವರ ಮೇಲೆ, ಅರ್ಧ ನನ್ನ ಮೇಲೆಯೇ.

ಪೋರ್ಚುಗಲ್ ದೇಶದಲ್ಲಿ ಈ ಹವ್ಯಾಸಕ್ಕೆ ಗೌರವವಿದೆ. ಅಲ್ಲಿನ ತೊಮಾರ್ ಎಂಬ ಊರಲ್ಲಿ ಕಡ್ಡಿಪೆಟ್ಟಿಗೆಗಳದೇ ಒಂದು ಮ್ಯೂಸಿಯಂ ಇದೆ! ಆ ದೇಶದ ಒಬ್ಬ ನಿವೃತ್ತ ಮಾಸ್ತರರ ಪರಿಚಯ ನನಗಾಯಿತು. ವಿನಿಮಯದ ಮಾತಾಯಿತು. ನಂಬಿಕೆಯ ಮೇಲೆ ಮೊದಲು ಅವರೇ 50 ಲೇಬಲ್ ಕಳಿಸಿದರು. ಈಗ ಪಾಳಿ ನನ್ನದು.

ಕುರಿಯರ್ ಅಂಗಡಿಯಲ್ಲಿ ವಿಚಾರಿಸಿದೆ. ಅವರು ಹೇಳಿದ ದುಡ್ಡಿಗೆ ನನ್ನ ಲೋಕಲ್ ಪಾಸು ಎಷ್ಟೋ ತಿಂಗಳದ್ದು ಬರುತ್ತಿತ್ತು. ಹಾಗಾಗಿ ನಮ್ಮ ಕಡೆಯ ಒಂದು ಅಂಚೆ ಕಚೇರಿಗೆ ಹೋದೆ. ನಂಬರಿನ ರಸೀದಿ ಸಿಗುವ ದರ ಬೇಡ, ಸಾದಾ ದರವೇ ಸಾಕು ಅಂದೆ. ಕಸ್ಟಮ್ಸ್ ಚೀಟಿ ಕೊಟ್ಟರು. ಅದರ ಮೇಲೆ ಇಂಗ್ಲಿಷಿನ ಜೊತೆಗೆ ಫ್ರೆಂಚ್! ವಿಶ್ವ ಅಂಚೆ ಒಕ್ಕೂಟದ ಅಧಿಕೃತ ಭಾಷೆ ಫ್ರೆಂಚ್ ಎಂದು ನನಗೆ ಆಮೇಲೆ ತಿಳಿಯಿತು. ಏಳನೆಯವರೆಗೆ ಕನ್ನಡದಲ್ಲಿ ಕಲಿತವನಿಗೆ ಇಂಗ್ಲಿಷ್ ಫಾರ್ಮು ಕಂಡರೇ ಅಂಗೈ ಬೆವರುತ್ತದೆ. ಹಿಂದೆ ಸಾಲಿನಲ್ಲಿ ನಿಂತವರ ಗೊಣಗಾಟ ಬೇರೆ. ‘ಒಳಗೇನಿದೆ’ ಎಂಬಲ್ಲಿ ಅವಸರದಿಂದ ‘ಮ್ಯಾಚ್ ಬಾಕ್ಸ್’ ಎಂದಷ್ಟೇ ಬರೆದು ಕೊಟ್ಟೆ.

ಎರಡು ತಿಂಗಳ ಮೇಲೆ ಲಕೋಟೆ ತಿರುಗಿ ನಮ್ಮ ಮನೆಗೇ ಬಂತು. ಬೆಂಕಿ ಹತ್ತುವ ವಸ್ತು ಅಂಚೆಯಲ್ಲಿ ನಿಷಿದ್ಧವಂತೆ. ಸರಿಯೇ, ವಿಮಾನದಲ್ಲಿ ಯಾರು ಕಡ್ಡಿ ಒಯ್ದಾರು? ಒಳಗಿದ್ದದ್ದು ಬರೀ ಕಾಗದ. ಯಾರೂ ಒಡೆದು ನೋಡಲಿಲ್ಲ, ನಾನೂ ಬಿಡಿಸಿ ಬರೆಯಲಿಲ್ಲ.

ಆ ಎರಡು ತಿಂಗಳಲ್ಲಿ ಮಾಸ್ತರರು ಎರಡು ಸಲ ವಿಚಾರಿಸಿದರು. ಕಳಿಸಿದ್ದೇನೆ ಅಂದೆ. ತೋರಿಸಲು ನಂಬರಿಲ್ಲ, ರಸೀದಿಯಿಲ್ಲ. ಮೂರನೆಯ ಸಲ ಅವರು ಕೇಳಲಿಲ್ಲ. ಕೇಳದೇ ಇದ್ದದ್ದೇ ನನಗೆ ಹೆಚ್ಚು ಚುಚ್ಚಿತು.

ಕಾಮರ್ಸ್ ಓದುವವನು ನಾನು. ಉಳಿತಾಯ ಎಲ್ಲಿ ಮಾಡಬೇಕಿತ್ತು, ಎಲ್ಲಿ ಮಾಡಿದೆ ಎಂದು ಕೂತು ಲೆಕ್ಕ ಹಾಕಿದೆ. ಲಕೋಟೆಯನ್ನು ಓಣಿಯ ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿಸಿದಾಗ ನನಗೇ ನಗು ಬಂತು. ಲೇಬಲ್ಲು ಮಡಚಬಾರದೆಂದು ಒಳಗಿಟ್ಟಿದ್ದ ಮದುವೆ ಆಮಂತ್ರಣದ ರಟ್ಟು ಲೇಬಲ್ಲುಗಳಿಗಿಂತ ಭಾರ! ಸಾಮಾನ್ಯ ಎ-4 ಹಾಳೆಯೊಂದರ ತೂಕ 5 ಗ್ರಾಂ. ಅದನ್ನು ಮಡಚಿ ನಡುವೆ ಲೇಬಲ್ಲಿಟ್ಟರೆ ಸಾಕು. ಪಿನ್ನು ಬೇಡ, ಅಂಟುಪಟ್ಟಿ ಬೇಡ, ಉಬ್ಬು ಬೇಡ. ಎಷ್ಟೋ ದೇಶಗಳಲ್ಲಿ ದಪ್ಪಕ್ಕೂ ದರವಿದೆ. ಬ್ರಿಟನ್ನಿನಲ್ಲಿ 5 ಮಿಲಿಮೀಟರ್ ದಾಟಿದರೆ ಸಾದಾ ಪತ್ರದ ದರ ನಡೆಯುವುದಿಲ್ಲ. ಅಲ್ಲಿಂದ ಕಳಿಸುವ ಗೆಳೆಯರಿಗೂ ಇದನ್ನು ಹೇಳಬೇಕು.

ಎರಡನೆಯದು, ಸ್ಥಿರ ವೆಚ್ಚ. ನಂಬರಿನ ಖರ್ಚು ಪ್ಯಾಕೆಟ್ಟಿಗೆ ಒಂದೇ ಸಲ. ಐದು ಮಂದಿ ಕೂಡಿ ಒಂದೇ ಪ್ಯಾಕೆಟ್ ಕಳಿಸಿ, ಅಲ್ಲಿಯವರೊಬ್ಬರು ಹಂಚಿದರೆ ಆ ಖರ್ಚು ಐದು ಪಾಲಾಗುತ್ತದೆ. ನಾನು ಮಾಡಿದ್ದು ಇದರ ತಿರುಗಮುರುಗ. ರಟ್ಟಿಗೆ ದುಡ್ಡು ಸುರಿದೆ, ನಂಬರಿಗೆ ಜುಗ್ಗನಾದೆ.

ಮೂರನೆಯದು ಮಾತು. ‘ಬಳಸಿದ ಅಚ್ಚಿನ ಕಾಗದದ ಲೇಬಲ್, ಸಂಗ್ರಹಕ್ಕಾಗಿ’ ಎಂದು ಬರೆದಿದ್ದರೆ ಯಾರಿಗೆ ಬೆಂಕಿ ಕಾಣುತ್ತಿತ್ತು? ಮನೆಯಲ್ಲೇ ಬರೆದುಕೊಂಡು, ಇಂಗ್ಲಿಷ್ ಬಲ್ಲವರಿಗೆ ತೋರಿಸಿಕೊಂಡು ಹೋಗಬೇಕಿತ್ತು. ಕೇಳುವುದಕ್ಕೆ ನಾಚಿಕೆಪಟ್ಟದ್ದು ನನಗೆ ಅಂಚೆ ದರಕ್ಕಿಂತ ದುಬಾರಿಯಾಯಿತು. ಇದನ್ನು ನಮ್ಮ ಕನ್ನಡ ಮಾಧ್ಯಮದ ಗೆಳೆಯರಿಗೆ ಮುಖ್ಯವಾಗಿ ಹೇಳುತ್ತಿದ್ದೇನೆ.

ಹಾಗೆಂದು ಅಗ್ಗವಾಗಲೆಂದು ಸುಳ್ಳು ಬರೆಯಬಾರದು. ನಾಣ್ಯ, ನೋಟುಗಳನ್ನು ಸಾದಾ ಲಕೋಟೆಯಲ್ಲಿ ಪರದೇಶಕ್ಕೆ ಹಾಕುವಂತಿಲ್ಲ. 1972ರ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಅಜ್ಜಿಯ ಗಡಿಗೆಯಲ್ಲಿ ಸಿಕ್ಕ ಟಿಪ್ಪುವಿನ ಕಾಸನ್ನು ‘ಗುಂಡಿ’ ಎಂದು ಬರೆದು ಕಳಿಸುವುದು ಉಳಿತಾಯವಲ್ಲ, ಕಳ್ಳತನ.

ಇನ್ನು ಇಲಾಖೆಯವರ ಪಾಲಿನ ತಕರಾರು. ಕಸ್ಟಮ್ಸ್ ಚೀಟಿಯಲ್ಲಿ ಗುರುತು ಹಾಕುವ ಚೌಕಗಳಿವೆ: ಕಾಣಿಕೆ, ಕಾಗದಪತ್ರ, ವ್ಯಾಪಾರದ ಮಾದರಿ, ಮಾರಾಟದ ಸರಕು, ಇತರೆ. ವಿನಿಮಯಕ್ಕೆ ಚೌಕವಿಲ್ಲ. ನಾವು ಮಾಡುವುದು ಕಾಣಿಕೆಯಲ್ಲ, ಏಕೆಂದರೆ ಬದಲಿಗೆ ಪಡೆಯುತ್ತೇವೆ. ಮಾರಾಟವೂ ಅಲ್ಲ, ದುಡ್ಡು ಕೈ ಬದಲಿಸುವುದಿಲ್ಲ. ದುಡ್ಡಿಲ್ಲದವರ ಈ ಕೊಡುಕೊಳ್ಳುವಿಕೆ ‘ಇತರೆ’ ಎಂಬ ಮೂಲೆಗೆ ಹೋಗಿ ಕೂಡಬೇಕು. 1874ರಲ್ಲಿ ಬರ್ನ್ ನಗರದಲ್ಲಿ ಕೂಡಿದ ದೇಶಗಳು ತಾವೆಲ್ಲ ಸೇರಿ ಒಂದೇ ಅಂಚೆ ಪ್ರದೇಶ ಎಂದು ಒಪ್ಪಿದವು. ಭಾರತ ಅದರಲ್ಲಿ 1876ರಲ್ಲಿ ಸೇರಿತು. ಇಂದು ದೊಡ್ಡವರ ಸುಂಕದ ಜಗಳದಲ್ಲಿ ಸಣ್ಣ ಲಕೋಟೆಗೆ ಪೆಟ್ಟು. 800 ಡಾಲರಿನೊಳಗಿನ ಸರಕಿಗಿದ್ದ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ತೆಗೆದಾಗ ನಮ್ಮ ಅಂಚೆ ಅಲ್ಲಿಗೆ ಹೋಗುವುದೇ ನಿಂತಿತು. ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ನಮ್ಮ ಲೇಬಲ್ಲು ಯಾವ ದೇಶದ ಕಾರಖಾನೆಯನ್ನು ಮುಚ್ಚಿಸೀತು ಹೇಳಿ?

ಐವತ್ತು ಗ್ರಾಮಿನೊಳಗಿನ, ಬೆಲೆಯೇ ಇಲ್ಲದಂಥ ಕಾಗದದ ವಸ್ತುವಿಗೆ ನಂಬರಿನ ಸಮೇತ ಒಂದು ಅಗ್ಗದ ದರ ಬೇಕು. ಇದು ದಾನ ಕೇಳಿದಂತಲ್ಲ. ಬಡವನ ಮಾತಿಗೂ ರಸೀದಿ ಇರಲಿ ಎಂದು ಕೇಳಿದಂತೆ.

ಕಳೆದ ವಾರ ಹೊಸ ಪ್ಯಾಕೆಟ್ ಕಟ್ಟಿಕೊಂಡು ಮುಂಬಯಿಯ ಜಿಪಿಓಗೆ ಹೋದೆ. ಅಪ್ಪನೂ ಬಂದಿದ್ದ. ನಮ್ಮದು ಮೂಲ ವಿಜಾಪುರದ ಕಡೆ. 1913ರ ಆ ಕಟ್ಟಡದ ಗುಮ್ಮಟ ಗೋಲಗುಮ್ಮಟದ ಮಾದರಿಯದೆಂದು ಪ್ರಸಿದ್ಧಿ. ಒಳಗೆ ಹೋದವನೇ ಅಪ್ಪ ತಲೆ ಎತ್ತಿ ನಿಂತುಬಿಟ್ಟ. “ತಮ್ಮಾ, ನಮ್ಮೂರಿಗೆ ಬಂದಂಗ ಆತಲ್ಲೋ” ಅಂದ. ಊರಿಗೆ ಬಂದ ಧೈರ್ಯದಿಂದಲೇ ನಾನೂ ಕೌಂಟರಿನಲ್ಲಿ ಮಾತಾಡಿದೆ. ‘ಇತರೆ’ಗೆ ಗುರುತು ಹಾಕಿ ಪಕ್ಕದಲ್ಲಿ ‘ವಿನಿಮಯ’ ಎಂದು ಇಂಗ್ಲಿಷಿನಲ್ಲಿ ಬರೆದೆ. ಈ ಸಲ ನಂಬರು ತೆಗೆದುಕೊಂಡು ಮಾಸ್ತರರಿಗೆ ಅದೇ ದಿನ ತಿಳಿಸಿದೆ.

ಉತ್ತರ ಇನ್ನೂ ಬಂದಿಲ್ಲ. ಪ್ಯಾಕೆಟ್ ದಾರಿಯಲ್ಲಿದೆ. ಮುಂದಿನದರಲ್ಲಿ ನಾಲ್ವರಿಗೆ ಜಾಗವಿದೆ. ಬಸ್ ಟಿಕೇಟು, ಲೇಬಲ್ಲು, ಚಿತ್ರದ ಕಾರ್ಡು ಏನೇ ಕೂಡಿಸುವವರು ನಮ್ಮ ಸಂಘದಲ್ಲಿದ್ದರೆ ಶನಿವಾರದ ಬೈಠಕ್ಕಿಗೆ ತನ್ನಿರಿ. ತೂಗೋಣ.