ಬಂದ ಅಂಕೆಯನ್ನೇ ಬರೆಯುವ ಧೈರ್ಯ

ಪರಮಾಣು ವಿದ್ಯುತ್ತಿನ ಮಾತು ಬಂದಾಗಲೆಲ್ಲ ನಮ್ಮ ಕಣ್ಣ ಮುಂದೆ ನಿಲ್ಲುವವರು ಭೌತವಿಜ್ಞಾನಿಗಳು ಮತ್ತು ಇಂಜಿನಿಯರುಗಳು. ಹೋಮಿ ಭಾಭಾ ಅವರ ಹೆಸರನ್ನು ಹೈಸ್ಕೂಲಿನ ಮಕ್ಕಳೂ ಬಲ್ಲರು. ಆದರೆ ಸ್ಥಾವರದೊಳಕ್ಕೆ ಹೋಗುವ ಇಂಧನ ತಕ್ಕಷ್ಟು ಶುದ್ಧವಾಗಿದೆಯೇ ಎಂದು ಒರೆಗೆ ಹಚ್ಚಿ ಹೇಳುವ ವಿಶ್ಲೇಷಣಾ ರಸಾಯನಜ್ಞನನ್ನು ಯಾರೂ ನೆನೆಯುವುದಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲಿನಲ್ಲೂ ಬಳಿಕ ಜೂನಿಯರ್ ಕಾಲೇಜಿನಲ್ಲೂ ರಸಾಯನಶಾಸ್ತ್ರವನ್ನು ಬೋಧಿಸಿದ ನನಗೆ ಇದು ಬರಿಯ ಮರೆವಾಗಿ ತೋರುವುದಿಲ್ಲ. ಅಳೆಯುವವನ ಕೆಲಸಕ್ಕೆ ನಾವು ಬೆಲೆ ಕೊಡುವುದನ್ನೇ ಕಲಿತಿಲ್ಲವೆಂಬುದರ ಗುರುತು ಇದು.

ಇತಿಹಾಸವನ್ನೇ ನೋಡಿ. 1934ರಲ್ಲಿ ಎನ್ರಿಕೊ ಫರ್ಮಿ ಯುರೇನಿಯಂಗೆ ನ್ಯೂಟ್ರಾನುಗಳನ್ನು ಹೊಡೆದು, ಅದಕ್ಕಿಂತ ಭಾರವಾದ ಹೊಸ ಧಾತುಗಳು ಸಿಕ್ಕಿವೆ ಎಂದು ಭಾವಿಸಿದರು. ಆ ತೀರ್ಮಾನಕ್ಕೆ ರಾಸಾಯನಿಕ ಪುರಾವೆ ಸಾಲದೆಂದು ಅದೇ ವರ್ಷ ಆಕ್ಷೇಪಿಸಿದವರು ಈಡಾ ನೊಡ್ಡಾಕ್ ಎಂಬ ರಸಾಯನಜ್ಞೆ. ಆಕೆಯ ಮಾತನ್ನು ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. 1938ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಓಟೊ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್ ಅದೇ ಪ್ರಯೋಗದ ಉಳಿಕೆಯನ್ನು ಬೇರ್ಪಡಿಸಿ ನೋಡಿದಾಗ ಸಿಕ್ಕಿದ್ದು ಬೇರಿಯಂ! ಯುರೇನಿಯಂನ ಸುಮಾರು ಅರ್ಧದಷ್ಟು ತೂಕದ ಧಾತು ಅಲ್ಲಿಗೆ ಹೇಗೆ ಬಂದೀತು? ಭೌತವಿಜ್ಞಾನದ ನಂಬಿಕೆಗೆ ವಿರುದ್ಧವೆಂದು ಗೊತ್ತಿದ್ದೂ ಅವರು ಬಂದ ಉತ್ತರವನ್ನೇ ಬರೆದರು. ಲೀಸ ಮೈಟ್ನರ್ ಮತ್ತು ಓಟೊ ಫ್ರಿಶ್ ಅದಕ್ಕೆ ಪರಮಾಣು ಒಡೆದಿದೆ ಎಂಬ ವಿವರಣೆ ಕೊಟ್ಟರು. ಪರಮಾಣು ಯುಗದ ಬಾಗಿಲು ತೆರೆದದ್ದು ಹೀಗೆ, ವಿಶ್ಲೇಷಣೆಯ ಮೇಜಿನ ಮೇಲೆ. 1944ರ ರಸಾಯನಶಾಸ್ತ್ರದ ನೊಬೆಲ್ ಹಾನ್ ಒಬ್ಬರಿಗೇ ಸಂದಿತು. ವಿಶ್ಲೇಷಣೆಯಲ್ಲಿ ಪಳಗಿದ ಕೈಯಾಗಿದ್ದ ಸ್ಟ್ರಾಸ್‌ಮನ್‌ಗೆ ಅದರಲ್ಲಿ ಪಾಲು ಸಿಗಲಿಲ್ಲ.

ಇನ್ನು ಇಂಧನದ ವಿಷಯಕ್ಕೆ ಬರೋಣ. ಹೈದರಾಬಾದಿನಲ್ಲಿ 1971ರಲ್ಲಿ ಸ್ಥಾಪನೆಯಾದ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್ ನಮ್ಮ ಕೈಗಾ ಸೇರಿದಂತೆ ದೇಶದ ಭಾರಜಲ ಸ್ಥಾವರಗಳಿಗೆ ಇಂಧನ ತಯಾರಿಸುತ್ತದೆ. ಅದಿರಿನಿಂದ ಬಂದ ಹಳದಿ ಪುಡಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ದ್ರಾವಕದಿಂದ ಶುದ್ಧೀಕರಿಸಿ, ಮತ್ತೆ ಪುಡಿ ಮಾಡಿ, ಬೆರಳ ತುದಿಯಷ್ಟಿರುವ ಗುಳಿಗೆಗಳನ್ನಾಗಿ ಒತ್ತಿ, ಕುಲುಮೆಯಲ್ಲಿ ಕಾಯಿಸಿ, ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳಲ್ಲಿ ತುಂಬುತ್ತಾರೆ. ಅಂತಹ 19 ಕೊಳವೆಗಳ ಒಂದು ಕಟ್ಟು. ಕೈಗಾದ 220 ಮೆಗಾವಾಟಿನ ಒಂದು ಘಟಕದಲ್ಲಿ 306 ನಾಳಗಳು, ಒಂದೊಂದರಲ್ಲಿ 12 ಕಟ್ಟುಗಳು, ಒಟ್ಟು 3672.

ಇದರ ಪ್ರತಿ ಹಂತದಲ್ಲೂ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಬೋರಾನ್, ಕ್ಯಾಡ್ಮಿಯಂ, ಗ್ಯಾಡೊಲಿನಿಯಂ ಮುಂತಾದವು ನ್ಯೂಟ್ರಾನುಗಳನ್ನು ನುಂಗಿಬಿಡುತ್ತವೆ. ಒಂದು ಟನ್ ಇಂಧನದಲ್ಲಿ ಬೋರಾನ್ ಒಂದು ಗ್ರಾಂ ಕೂಡ ಇರುವಂತಿಲ್ಲ. ಕೊಡ ಹಾಲಿಗೆ ತೊಟ್ಟು ಹುಳಿ ಎನ್ನುತ್ತೇವಲ್ಲ, ಇದು ಅದಕ್ಕಿಂತಲೂ ಸೂಕ್ಷ್ಮ. ಗುಳಿಗೆಯಲ್ಲಿ ತೇವಾಂಶ ಉಳಿದರೆ ಅದರ ಹೈಡ್ರೋಜನ್ ಕೊಳವೆಯನ್ನು ಒಳಗಿನಿಂದಲೇ ಶಿಥಿಲಗೊಳಿಸುತ್ತದೆ. ಕೊಳವೆಯ ಜಿರ್ಕೋನಿಯಂ ಜೊತೆಗೆ ನಿಸರ್ಗದಲ್ಲೇ ಹಾಫ್ನಿಯಂ ಬೆರೆತಿರುತ್ತದೆ. ರಾಸಾಯನಿಕ ಗುಣದಲ್ಲಿ ಎರಡೂ ಅವಳಿಗಳಂತೆ, ಆದರೆ ನ್ಯೂಟ್ರಾನ್ ನುಂಗುವುದರಲ್ಲಿ ಹಾಫ್ನಿಯಂ ಐನೂರು ಪಟ್ಟಿಗೂ ಮಿಗಿಲು. ಇವನ್ನೆಲ್ಲ ಬೇರ್ಪಡಿಸಿ ಅಳೆದು, ‘ಆಗಬಹುದು’ ಅಥವಾ ‘ಆಗದು’ ಎನ್ನುವುದು ವಿಶ್ಲೇಷಕನ ಕಾಯಕ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂತಹ ಕೆಲಸದಲ್ಲಿ ಬಹುಕಾಲ ಇದ್ದು ಈಗ ನನ್ನಂತೆಯೇ ನಿವೃತ್ತ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಊರಿಗೆ ಬಂದಾಗ ಅವನು ಹೇಳುವ ಸಂಗತಿಗಳನ್ನು ಕೇಳುವುದೇ ಒಂದು ಸೊಗಸು. ಎದೆಯ ಮೇಲೆ ವಿಕಿರಣ ಅಳೆಯುವ ಬಿಲ್ಲೆ, ಕೈಗೆ ಗವಸು, ಉಸಿರಿನೊಡನೆ ಯುರೇನಿಯಂ ಧೂಳು ಒಳಸೇರಿದೆಯೇ ಎಂದು ತಿಳಿಯಲು ಆಗಾಗ ಮೂತ್ರಪರೀಕ್ಷೆ. ಕೆಲಸ ಮುಗಿದ ದ್ರಾವಣವನ್ನು ಸಿಂಕಿಗೆ ಸುರಿಯುವಂತಿಲ್ಲ. ಯುರೇನಿಯಂಗೆಲ್ಲ ಲೆಕ್ಕ ಒಪ್ಪಿಸಬೇಕು. ಬೋರಾನ್ ಅಳೆಯುವಾಗ ನಮ್ಮ ಶಾಲೆಗಳಲ್ಲಿರುವಂತಹ ಬೋರೋಸಿಲಿಕೇಟ್ ಗಾಜನ್ನು ಮುಟ್ಟುವಂತಿಲ್ಲ, ಏಕೆಂದರೆ ಆ ಗಾಜಿನಲ್ಲೇ ಬೋರಾನ್ ಇದೆ! ಒಮ್ಮೆ ಅವನು ಹೇಳಿದ: “ಮೇಷ್ಟ್ರೇ, ನಮ್ಮ ರಿಜಿಸ್ಟರಿನಲ್ಲಿ ಸೊನ್ನೆ ಎಂಬ ಉತ್ತರವೇ ಇಲ್ಲ. ‘ಇಷ್ಟಕ್ಕಿಂತ ಕಡಿಮೆ’ ಎಂದಷ್ಟೇ ಬರೆಯುತ್ತೇವೆ.” ತಾನು ಎಷ್ಟರವರೆಗೆ ಬಲ್ಲೆನೋ ಅಷ್ಟನ್ನೇ ಹೇಳುವ ಈ ವಿನಯ ನನಗೆ ಬಹಳ ಹಿಡಿಸಿತು.

ಇನ್ನೊಂದು ಸಂಗತಿ ಕೇಳಿ ನನಗೆ ಹೆಮ್ಮೆಯೆನಿಸಿತು. ಯುರೇನಿಯಂ ಎಷ್ಟಿದೆ ಎಂದು ನಿಖರವಾಗಿ ತಿಳಿಯಲು ಡೇವಿಸ್ ಮತ್ತು ಗ್ರೇ ಎಂಬುವರು 1964ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಫಾಸ್ಫಾರಿಕ್ ಆಮ್ಲದಲ್ಲಿ ಫೆರಸ್ ಕಬ್ಬಿಣದಿಂದ ಯುರೇನಿಯಂ ಅನ್ನು ಅಪಕರ್ಷಿಸಿ, ಮಿಕ್ಕ ಫೆರಸ್ಸನ್ನು ನೈಟ್ರಿಕ್ ಆಮ್ಲದಿಂದ ಕಳೆದು, ಕೊನೆಗೆ ಪೊಟ್ಯಾಸಿಯಂ ಡೈಕ್ರೋಮೇಟಿನಿಂದ ಟೈಟ್ರೇಷನ್ ಮಾಡುವುದು. ಅಂದರೆ ಪಿಯುಸಿಯಲ್ಲಿ ಪರ್ಮಾಂಗನೇಟ್, ಬಿ.ಎಸ್ಸಿ.ಯಲ್ಲಿ ಡೈಕ್ರೋಮೇಟ್ ಹಿಡಿದು ನಮ್ಮ ಮಕ್ಕಳು ಮಾಡುವ ಟೈಟ್ರೇಷನ್ನಿನ ದಾಯಾದಿಯೇ ಅದು.

ಆದರೆ ನನ್ನನ್ನು ಯೋಚನೆಗೆ ಹಚ್ಚಿದ್ದು ಅವನ ಬೇರೊಂದು ಮಾತು. “ಫಲಿತಾಂಶ ಕೆಟ್ಟದ್ದು ಬಂದರೆ ತಯಾರಿಕಾ ವಿಭಾಗದಿಂದ ಫೋನು ಬರುತ್ತದೆ, ಇನ್ನೊಮ್ಮೆ ಮಾಡಿ ನೋಡಿ ಎಂದು. ಒಳ್ಳೆಯದು ಬಂದರೆ ಇನ್ನೊಮ್ಮೆ ಮಾಡಿ ಎಂದವರು ಒಬ್ಬರೂ ಇಲ್ಲ.” ಎಂಥ ಸೂಕ್ಷ್ಮ ಮಾತು! ಇಲ್ಲಿ ಯಾರೂ ಸುಳ್ಳು ಬರೆಯೆಂದು ಹೇಳುತ್ತಿಲ್ಲ. ಆದರೂ ಬೇಡದ ಉತ್ತರವನ್ನು ಮಾತ್ರ ಮತ್ತೆ ಮತ್ತೆ ಪರೀಕ್ಷಿಸುತ್ತ ಹೋದರೆ ಒಂದಲ್ಲ ಒಂದು ಬಾರಿ ಬೇಕಾದ ಉತ್ತರ ಬಂದೇ ಬರುತ್ತದೆ. ತಕ್ಕಡಿ ಸರಿಯಿದ್ದರೂ ತೂಗುವ ರೀತಿ ವಾಲಿಬಿಡುತ್ತದೆ.

ಇದು ಕೇವಲ ಊಹೆಯ ಅಪಾಯವಲ್ಲ. 1999ರಲ್ಲಿ ಇಂಗ್ಲೆಂಡಿನ ಸೆಲ್ಲಾಫೀಲ್ಡ್‌ನಲ್ಲಿ, ಜಪಾನಿನ ತಕಹಾಮ ಸ್ಥಾವರಕ್ಕಾಗಿ ತಯಾರಾಗುತ್ತಿದ್ದ ಇಂಧನದ ಗುಳಿಗೆಗಳ ವ್ಯಾಸವನ್ನು ಮತ್ತೊಮ್ಮೆ ಅಳೆದು ಬರೆಯಬೇಕಾಗಿದ್ದ ಕೆಲವರು ಹಳೆಯ ಲಾಟಿನ ಅಂಕೆಗಳನ್ನೇ ನಕಲು ಮಾಡಿದ್ದು ಬೆಳಕಿಗೆ ಬಂತು. ಅದು ರಾಸಾಯನಿಕ ವಿಶ್ಲೇಷಣೆಯಲ್ಲ, ಅಳತೆಯ ಕೆಲಸ. ಆದರೆ ಪಾಠ ಒಂದೇ. ಯಂತ್ರ ಮೊದಲೇ ಎಲ್ಲ ಗುಳಿಗೆಗಳನ್ನೂ ಅಳೆದಿತ್ತು. ಇಂಧನ ಸುರಕ್ಷಿತವೆಂದೇ ಬ್ರಿಟನ್ನಿನ ನಿಯಂತ್ರಣ ಸಂಸ್ಥೆ 2000ದಲ್ಲಿ ತೀರ್ಮಾನಿಸಿತು. ಆದರೂ ಜಪಾನ್ ಅದನ್ನು ಒಲ್ಲೆನೆಂದಿತು. ಕಂಪನಿಯ ಮುಖ್ಯಸ್ಥರು ಹುದ್ದೆ ಬಿಟ್ಟರು. 2002ರಲ್ಲಿ ಆ ಇಂಧನ ಸಮುದ್ರಮಾರ್ಗವಾಗಿ ಹಿಂದಿರುಗಿತು. ಗುಳಿಗೆ ಸರಿಯಿತ್ತು, ಅಂಕೆ ಸುಳ್ಳಾಗಿತ್ತು. ಅಷ್ಟೇ ಸಾಕಾಯಿತು.

ಈ ನಕಲಿನ ಅಭ್ಯಾಸ ಎಲ್ಲಿ ಹುಟ್ಟುತ್ತದೆ? ನನ್ನ ಉತ್ತರವನ್ನು ನೇರವಾಗಿಯೇ ಹೇಳುತ್ತೇನೆ: ಶಾಲೆಯ ಪ್ರಯೋಗಾಲಯದಲ್ಲಿ. ನಮ್ಮ ಪ್ರಾಯೋಗಿಕ ಪರೀಕ್ಷೆಗಳಲ್ಲಿ ಅಂಕ ಸಿಗುವುದು ಪರೀಕ್ಷಕರ ಕೈಯಲ್ಲಿರುವ ಉತ್ತರಕ್ಕೆ ಹತ್ತಿರ ಬಂದವರಿಗೆ. ಮಕ್ಕಳು ದಡ್ಡರಲ್ಲ. ಪಕ್ಕದವನ ಬ್ಯುರೆಟ್ ಎಷ್ಟು ತೋರಿಸಿತೆಂದು ಕೇಳಿ, ತಮ್ಮದನ್ನು ಅದಕ್ಕೆ ಹೊಂದಿಸಿ, ಮೂರು ಓದುಗಳನ್ನೂ ಅಚ್ಚುಕಟ್ಟಾಗಿ ಒಂದೇ ಮಾಡಿ ಬರೆಯುತ್ತಾರೆ. ಪ್ರಾಮಾಣಿಕವಾಗಿ 9.6 ಎಂದು ಬರೆದವನಿಗೆ ಕಡಿಮೆ ಅಂಕ, ನೋಡದೆಯೇ 9.2 ಎಂದವನಿಗೆ ಪೂರ್ಣ ಅಂಕ. ಹದಿನೇಳರ ವಯಸ್ಸಿನಲ್ಲಿ ಕಲಿತ ಈ ಪಾಠ ಮುಂದೆ ಔಷಧ ಕಾರ್ಖಾನೆಗೂ, ಕುಡಿಯುವ ನೀರಿನ ಪರೀಕ್ಷೆಗೂ, ಪರಮಾಣು ಇಂಧನದ ಪ್ರಯೋಗಾಲಯಕ್ಕೂ ಅವನ ಜೊತೆಯಲ್ಲೇ ಹೋಗುತ್ತದೆ.

ಈಗ ಎಲ್ಲವನ್ನೂ ಯಂತ್ರಗಳೇ ಮಾಡುತ್ತವಲ್ಲ ಎಂದು ಕೆಲವರು ಕೇಳಬಹುದು. ಯಂತ್ರ ತನ್ನೊಳಗೆ ಹಾಕಿದ ಹನಿಯನ್ನು ಮಾತ್ರ ಅಳೆಯುತ್ತದೆ. ಆ ಹನಿ ಯಾವ ಡಬ್ಬಿಯಿಂದ ಬಂತು, ಸರಿಯಾಗಿ ಕರಗಿತ್ತೇ, ಬೇಡದ ಅಂಕೆಯನ್ನು ಅಳಿಸಿದವರಾರು ಎಂಬುದು ಅದಕ್ಕೆ ತಿಳಿಯದು.

ಪರಿಹಾರ ಕಷ್ಟವೇನಲ್ಲ. ಪ್ರತಿ ವಿದ್ಯಾರ್ಥಿಗೂ ಬೇರೆ ಬೇರೆ ಸಾಂದ್ರತೆಯ ದ್ರಾವಣ ಕೊಡಲಿ. ಆಗ ಪಕ್ಕದವನ ಉತ್ತರ ಪ್ರಯೋಜನಕ್ಕೆ ಬಾರದು. ಓದುಗಳನ್ನು ಶಾಯಿಯಲ್ಲೇ ಬರೆಯಲಿ. ತಪ್ಪಿದ್ದನ್ನು ಒಂದು ಗೆರೆ ಎಳೆದು ಕಾಣುವಂತೆಯೇ ಉಳಿಸಲಿ. ಅರ್ಧದಷ್ಟು ಅಂಕ ದಾಖಲೆಯ ಪ್ರಾಮಾಣಿಕತೆಗೂ, ಉತ್ತರ ಏಕೆ ದೂರ ಹೋಯಿತೆಂಬ ವಿವರಣೆಗೂ ಮೀಸಲಿರಲಿ. ಕಾರ್ಖಾನೆಗಳಲ್ಲಿಯೂ ವಿಶ್ಲೇಷಕನು ತಯಾರಿಕಾ ವಿಭಾಗದ ಅಧೀನದಲ್ಲಿರಬಾರದು. ಕೆಟ್ಟ ಫಲಿತಾಂಶಕ್ಕೆ ಮರುಪರೀಕ್ಷೆ ಇರುವಂತೆ, ಒಳ್ಳೆಯ ಫಲಿತಾಂಶಗಳಲ್ಲೂ ಕೆಲವನ್ನು ಆರಿಸಿ ಮತ್ತೆ ಪರೀಕ್ಷಿಸುವ ನಿಯಮವಿರಬೇಕು.

ಕೈಗಾ ಸ್ಥಾವರವನ್ನು ಶಿವರಾಮ ಕಾರಂತರು ವಿರೋಧಿಸಿದ್ದನ್ನು ನನ್ನ ತಲೆಮಾರಿನವರು ಮರೆತಿಲ್ಲ. ಅದೇ ಕೈಗಾದ ಮೊದಲ ಘಟಕ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ನಿಲ್ಲದೆ ನಡೆದು ಅಂದಿನ ವಿಶ್ವದಾಖಲೆ ನಿರ್ಮಿಸಿದ್ದೂ ನಿಜ. ಪರಮಾಣು ವಿದ್ಯುತ್ ಬೇಕೇ ಬೇಡವೇ ಎಂಬ ವಾದದಲ್ಲಿ ಓದುಗ ಮಿತ್ರರು ಯಾವ ಪಕ್ಷದಲ್ಲಾದರೂ ಇರಲಿ, ಎರಡೂ ಪಕ್ಷದವರಿಗೆ ಬೇಕಾದದ್ದು ನಂಬಬಹುದಾದ ಅಂಕೆ. ಅದನ್ನು ಕೊಡಬಲ್ಲವನು, ತನಗೆ ಬಂದದ್ದನ್ನೇ ಬರೆದರೆ ಶಿಕ್ಷೆಯಿಲ್ಲವೆಂದು ಬಾಲ್ಯದಲ್ಲೇ ತಿಳಿದವನು. ಈಗ ಪಾಠ ಹೇಳುತ್ತಿರುವ ನನ್ನ ಕಿರಿಯ ಮಿತ್ರರಲ್ಲಿ ನನ್ನ ಅರಿಕೆ ಇಷ್ಟೇ: ಮುಂದಿನ ಬಾರಿ ವಿದ್ಯಾರ್ಥಿಯೊಬ್ಬ ಎಲ್ಲರಿಗಿಂತ ಬೇರೆಯಾದ ಓದನ್ನು ತಂದು ತೋರಿಸಿದಾಗ ಅಂಕ ಕಳೆಯುವ ಮೊದಲು ಅವನ ಬ್ಯುರೆಟ್ಟನ್ನು ಒಮ್ಮೆ ನೋಡಿ.