ನಿವೃತ್ತಿ ನೌಕರಿಗೆ, ಕೈಗಳಿಗಲ್ಲ

ಅರವತ್ತು ದಾಟಿದವರು ಕುಂಚ ಹಿಡಿದರೆ ಮನೆಯಲ್ಲಿ ‘ಏನೋ, ಹೊತ್ತು ಹೋಗಲಿ ಬಿಡಿ’ ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯ ಸೇಂಟ್ ಐವ್ಸ್ ಊರಿನ ಆಲ್ಫ್ರೆಡ್ ವಾಲಿಸ್ (1855-1942) ಮೊದಲು ಮೀನುಗಾರರು, ಆಮೇಲೆ ಹಡಗಿನ ಹಳೆಯ ಸಾಮಾನಿನ ವ್ಯಾಪಾರಿ. 1922ರಲ್ಲಿ ಹೆಂಡತಿ ತೀರಿಕೊಂಡರು. ಒಂಟಿತನ ನೀಗಲೆಂದು, ಎಪ್ಪತ್ತರ ಹೊತ್ತಿಗೆ, ಯಾರ ಬಳಿಯೂ ಕಲಿಯದೆ ಚಿತ್ರ ಬರೆಯತೊಡಗಿದರು. ಸಿಕ್ಕ ರಟ್ಟಿನ ತುಂಡುಗಳು, ದೋಣಿಗೆ ಬಳಿಯುವ ಬಣ್ಣ. ಅಷ್ಟೇ ಅವರ ಸಲಕರಣೆ.

ನೌಕರಿಯುದ್ದಕ್ಕೂ ಸ್ಕೇಲ್ ಹಿಡಿದು ನಕ್ಷೆ ಪರಿಶೀಲಿಸಿದ ಇಂಜಿನಿಯರ್ ನಾನು. ವಾಲಿಸರ ಚಿತ್ರಗಳಲ್ಲಿ ಅಂಥ ಅಳತೆ ಸಿಗದು. ಅವರ ಮನಸ್ಸಿಗೆ ಯಾವುದು ಮುಖ್ಯವೋ ಅದೇ ದೊಡ್ಡದು, ದೂರ-ಹತ್ತಿರದ ಲೆಕ್ಕವಿಲ್ಲ. ಆದರೂ ಅಲೆ, ಹಾಯಿ, ಬಂದರು ಎಲ್ಲವೂ ಕಡಲನ್ನು ಬಲ್ಲವರ ನೆನಪಿನಿಂದ ಬಂದವು. ಅದನ್ನು ಯಾವ ಕಾಲೇಜೂ ಕಲಿಸಲಾರದು.

1928ರಲ್ಲಿ ಕಲಾವಿದರಾದ ಬೆನ್ ನಿಕೋಲ್ಸನ್ ಮತ್ತು ಕ್ರಿಸ್ಟೋಫರ್ ವುಡ್ ಅವರ ಮನೆಯ ಮುಂದೆ ಹಾದುಹೋಗುವಾಗ ಆ ಚಿತ್ರಗಳನ್ನು ಕಂಡು ಬೆರಗಾದರು. ಇಂದು ಅವು ಟೇಟ್ ಸಂಗ್ರಹಾಲಯದಲ್ಲಿವೆ. ವಾಲಿಸರು ಮಾತ್ರ ಬಡವರ ಆಸರೆಮನೆಯಲ್ಲಿ ಕೊನೆಯುಸಿರೆಳೆದರು.

ಹಿರಿಯರ ಕೆಲಸವನ್ನು ಹೆಸರು, ಹಣದಿಂದ ತೂಗಬಾರದು ಎನ್ನುವುದು ಇದಕ್ಕೇ. ಬಾಳೆಲ್ಲ ದುಡಿದು ತಿಳಿದದ್ದು ಅವರೊಂದಿಗೇ ಮಣ್ಣಾಗಬಾರದು. ಕಾಯಕಕ್ಕೆ ವಯಸ್ಸಿಲ್ಲವೆಂದು ವೇದಿಕೆಯಲ್ಲಿ ಹೇಳುವ ನಾವು ಮನೆಯಲ್ಲಿ ಅವರಿಗೊಂದು ಮೇಜು, ಬೆಳಕಿರುವ ಮೂಲೆ ಕೊಡೋಣ. ಬರೆದುದನ್ನು ಅವರು ಇರುವಾಗಲೇ, ಪಕ್ಕದಲ್ಲಿ ಕುಳಿತು ನೋಡೋಣ.