ಸೈಟೇಷನ್ ಎಷ್ಟು ಎಂದು ಕೇಳುವ ಮುನ್ನ

ಪಿಎಚ್.ಡಿಗೆ ಗೈಡ್ ಹುಡುಕುವವರು ಈಗ ಮೊದಲು ತೆರೆಯುವುದು ಗೂಗಲ್ ಸ್ಕಾಲರ್. ‘ಸರ್ ಸೈಟೇಷನ್ ಎಷ್ಟಿದೆ? ಎಚ್-ಇಂಡೆಕ್ಸ್ ಎಷ್ಟು?’ ಎಂಬುದು ಹಾಸ್ಟೆಲ್ ಮಾತಾಗಿಬಿಟ್ಟಿದೆ. ಅವರು ಯಾವ ಪ್ರಶ್ನೆಯ ಬೆನ್ನು ಹತ್ತಿದ್ದಾರೆ ಎಂದು ಕೇಳುವವರು ಕಡಿಮೆ. ನನಗಿದು ಸರಿ ಕಾಣುವುದಿಲ್ಲ. ಯಾಕೆಂದು ಹೇಳಲು ಬೆಂಗಳೂರಿನಲ್ಲಿ ಬಾಳಿದ ಒಬ್ಬ ವಿಜ್ಞಾನಿಯ ಉದಾಹರಣೆ ಸಾಕು.

ಒಬೈದ್ ಸಿದ್ದಿಕಿ ಹುಟ್ಟಿದ್ದು 1932ರಲ್ಲಿ, ಉತ್ತರ ಪ್ರದೇಶದ ಬಸ್ತಿಯಲ್ಲಿ. ಅಲಿಗಡದಲ್ಲಿ ಓದಿ, ಗ್ಲಾಸ್ಗೋದಲ್ಲಿ ಪಿಎಚ್.ಡಿ ಮುಗಿಸಿದರು. ಹೋಮಿ ಭಾಭಾ ಅವರ ಆಹ್ವಾನದ ಮೇರೆಗೆ 1962ರಲ್ಲಿ ಮುಂಬೈನ ಟಿಐಎಫ್‌ಆರ್‌ನಲ್ಲಿ ಮಾಲಿಕ್ಯುಲರ್ ಬಯಾಲಜಿ ಘಟಕ ಕಟ್ಟಿದರು. ಆಗ ಅವರ ಕೆಲಸ ಬ್ಯಾಕ್ಟೀರಿಯಾದ ತಳಿವಿಜ್ಞಾನ. ಅದರಲ್ಲಿ ಹೆಸರು ಬಂದ ಮೇಲೆ, ನಲವತ್ತರ ಆಸುಪಾಸಿನಲ್ಲಿ, ವಿಷಯವನ್ನೇ ಬದಲಿಸಿ ಬೆನ್ನೆಲುಬಿಲ್ಲದ ಜೀವಿಯೊಂದರ ನರಮಂಡಲದತ್ತ ಹೊರಳಿದರು. ಅದು ಹಣ್ಣುನೊಣ. ನಮ್ಮ ಪ್ರಾಣಿಶಾಸ್ತ್ರದ ಲ್ಯಾಬ್‌ಗಳಲ್ಲಿ ಬಾಟಲಿಯಲ್ಲಿ ಸಾಕುವ ಅದೇ ಡ್ರೊಸೊಫಿಲಾ.

ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಸೀಮೋರ್ ಬೆಂಜರ್ ಜೊತೆ ಅವರು ವಿಚಿತ್ರ ನೊಣಗಳನ್ನು ಅಭ್ಯಾಸ ಮಾಡಿದರು. ಬಿಸಿ ಏರಿದರೆ ಅವು ಲಕ್ವ ಹೊಡೆದಂತೆ ಬಿದ್ದುಬಿಡುತ್ತಿದ್ದವು, ತಣ್ಣಗಾದರೆ ಎದ್ದು ಓಡಾಡುತ್ತಿದ್ದವು. ಅವುಗಳ ನರಗಳಲ್ಲಿನ ದೋಷವನ್ನು ಇಬ್ಬರೂ 1976ರಲ್ಲಿ ಪ್ರಕಟಿಸಿದರು. ಅಂಥ ಒಂದು ಬಗೆಯ ನೊಣದಲ್ಲಿ ಕೆಟ್ಟಿದ್ದು ನರಸಂಕೇತ ಹರಿಯಲು ಬೇಕಾದ ಸೋಡಿಯಂ ಚಾನೆಲ್‌ನ ಜೀನ್ ಎಂದು ತಿಳಿದದ್ದು 1989ರಲ್ಲಿ. ನಡುವೆ 13 ವರ್ಷ! ಪತ್ರಿಕೆಗಳ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡುವುದು ಹಿಂದಿನ ಎರಡು ವರ್ಷಗಳ ಪ್ರಬಂಧಗಳನ್ನು ಮಾತ್ರ.

ಇನ್ನೊಂದು ಸಂಗತಿ ಕೇಳಿ. ವಿದ್ಯಾರ್ಥಿನಿ ವೆರೋನಿಕಾ ರಾಡ್ರಿಗಸ್ ಜೊತೆ ಸಿದ್ದಿಕಿ ಅವರು ವಾಸನೆ, ರುಚಿ ಸರಿಯಾಗಿ ಗ್ರಹಿಸಲಾಗದ ನೊಣಗಳನ್ನು ಹುಡುಕಿ ಅಧ್ಯಯನ ಮಾಡಿದರು. 1978ರಲ್ಲಿ ಆ ಪ್ರಬಂಧ ಬಂದದ್ದು ವಿದೇಶಿ ಪತ್ರಿಕೆಯಲ್ಲಲ್ಲ, ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ‘ಪ್ರೊಸೀಡಿಂಗ್ಸ್’ನಲ್ಲಿ. ನೊಣದ ಘ್ರಾಣಶಕ್ತಿಯ ತಳಿವಿಜ್ಞಾನಕ್ಕೆ ಅಡಿಪಾಯ ಹಾಕಿದ ಕೆಲಸಗಳಲ್ಲಿ ಅದೂ ಒಂದು. ಇಂದಾಗಿದ್ದರೆ ‘ಇಂಡಿಯನ್ ಜರ್ನಲ್ಲಾ?’ ಎಂದು ನಾವೇ ಮೂಗು ಮುರಿಯುತ್ತಿದ್ದೆವು.

ಎಚ್-ಇಂಡೆಕ್ಸ್ 20 ಎಂದರೆ, ಕನಿಷ್ಠ 20 ಬಾರಿಯಾದರೂ ಉಲ್ಲೇಖಗೊಂಡ 20 ಪ್ರಬಂಧಗಳಿವೆ ಎಂದರ್ಥ, ಅಷ್ಟೆ. ಹೆಸರು ತಂದ ವಿಷಯ ಬಿಟ್ಟು ಹೊಸದಕ್ಕೆ ಕೈಹಾಕಿದ ಧೈರ್ಯ ಅದರಲ್ಲಿ ಕಾಣದು. ಸಿದ್ದಿಕಿ ಮುಂದೆ ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್ ಸಂಸ್ಥೆ ಕಟ್ಟಿ, ಅದರ ಸ್ಥಾಪಕ ನಿರ್ದೇಶಕರಾದರು. ರಾಡ್ರಿಗಸ್ ಅಲ್ಲೇ ಪ್ರಾಧ್ಯಾಪಕಿಯಾಗಿ ತಮ್ಮದೇ ವಿದ್ಯಾರ್ಥಿಗಳನ್ನು ಬೆಳೆಸಿದರು. ಇದ್ಯಾವುದೂ ಆ ಅಂಕಿಯೊಳಗೆ ಇಲ್ಲ.

ಹಾಗಂತ ಎಣಿಕೆಯೇ ಬೇಡವೆನ್ನಲಾರೆ. ಶಿಫಾರಸು, ವಶೀಲಿ ನಡೆಯುವ ಕಡೆ ಬಡವರ ಮನೆಯ ಹುಡುಗನಿಗೆ ‘ನನ್ನ ಕೆಲಸ ಇಷ್ಟು ಜನಕ್ಕೆ ಉಪಯೋಗವಾಗಿದೆ’ ಎಂದು ತೋರಿಸಲು ಅಂಕಿಯೇ ಆಸರೆ. ಆದರೆ ಕ್ಯಾನ್ಸರ್ ಸಂಶೋಧಕರ ದಂಡು ದೊಡ್ಡದು, ನೊಣದ ನಾಲಿಗೆ ಅಭ್ಯಾಸ ಮಾಡುವವರ ಗುಂಪು ಚಿಕ್ಕದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅನ್ಯಾಯವಾಗುತ್ತದೆ. ಅಂಕಿಯ ಆಸೆಗೇ ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳು ಹುಟ್ಟಿಕೊಂಡವು. ಪಿಎಚ್.ಡಿ ಪ್ರಬಂಧ ಸಲ್ಲಿಸುವ ಮೊದಲು ಜರ್ನಲ್‌ನಲ್ಲಿ ಲೇಖನ ಪ್ರಕಟಿಸಲೇಬೇಕೆಂಬ ನಿಯಮವನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿತು. ನಮ್ಮ ತಲೆಯಿಂದ ಅದಿನ್ನೂ ಹೋಗಿಲ್ಲ.

ಆದ್ದರಿಂದ ಗೈಡ್ ಆರಿಸುವಾಗ ಅಂಕಿ ನೋಡಿ, ಅಲ್ಲಿಗೇ ನಿಲ್ಲಬೇಡಿ. ಅವರ ಒಂದಾದರೂ ಪ್ರಬಂಧವನ್ನು ಪೂರ್ತಿ ಓದಿ. ಅವರ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ವಿಚಾರಿಸಿ. ಐದು ವರ್ಷ ನಾವು ದುಡಿಯಬೇಕಾದದ್ದು ಆ ಪ್ರಶ್ನೆಯ ಜೊತೆಗೆ, ಆ ಮನುಷ್ಯರ ಜೊತೆಗೆ.